ಮೂಲೆಮನೆ, ಡೆಟ್ರಾಯಿಟ್, 1925: ಒಂದು ಪ್ರಕರಣ

1925ರ ಬೇಸಿಗೆಯಲ್ಲಿ ಡೆಟ್ರಾಯಿಟ್ ನಗರದ ಪೂರ್ವಭಾಗದಲ್ಲಿ ಒಂದು ಮನೆ ಮಾರಾಟವಾಯಿತು. ಬೀದಿ ಮೂಲೆಯ ಇಟ್ಟಿಗೆ ಮನೆ, ಮೇಲೊಂದು ಅಂತಸ್ತು. ಬೆಲೆ 18,500 ಡಾಲರ್. ಕೊಂಡವರು ಒಬ್ಬ ವೈದ್ಯರು. 3,500 ಡಾಲರ್ ಮುಂಗಡ ಕೊಟ್ಟು ಉಳಿದದ್ದಕ್ಕೆ ಕಂತು ಗೊತ್ತುಮಾಡಿಕೊಂಡರು. ಸೆಪ್ಟೆಂಬರ್ 8ರಂದು ಸಾಮಾನು ತಂದಿಳಿಸಿದರು. ಮರುದಿನ ರಾತ್ರಿಯ ಹೊತ್ತಿಗೆ ಎದುರುಬದಿಯಲ್ಲಿ ಒಬ್ಬನ ಹೆಣ ಬಿದ್ದಿತ್ತು. ಮೂಲೆಮನೆಯಲ್ಲಿದ್ದ 11 ಜನ ಪೊಲೀಸ್ ಲಾಕಪ್ಪಿನಲ್ಲಿದ್ದರು. ಡಾಕ್ಟರು ಕಪ್ಪುವರ್ಣೀಯರು, ಬೀದಿ ಬಿಳಿಯರದು.

ಮನೆಯವರ ಹೆಸರು, ಬೀದಿಯ ಹೆಸರು, ಸತ್ತವನ ಹೆಸರು ಇಲ್ಲಿ ಹಾಕಿಲ್ಲ. ಕೋರ್ಟಿನ ಕಡತದಲ್ಲಿ ಎಲ್ಲ ಇದೆ, ಬೇಕಾದವರು ಹುಡುಕಿಕೊಳ್ಳಬಹುದು. ಆದರೆ ಇಂಥ ಪ್ರಕರಣದಲ್ಲಿ ಹೆಸರು ಬಂದ ಕೂಡಲೆ ಕಥೆ ಲಾವಣಿಯ ದಾರಿ ಹಿಡಿಯುತ್ತದೆ, ಒಬ್ಬರು ವೀರರಾಗುತ್ತಾರೆ, ಇನ್ನೊಬ್ಬರು ಖಳರಾಗುತ್ತಾರೆ. ಯಾವ ಗಳಿಗೆಯಲ್ಲಿ ಯಾರ ಮುಂದೆ ಯಾವ ದಾರಿಗಳಿದ್ದವು, ಯಾವುದನ್ನು ಹಿಡಿದರು ಎಂಬುದು ಮಸುಕಾಗುತ್ತದೆ. ನನಗೆ ಬೇಕಾದದ್ದು ಅದೇ. ವಕೀಲರು, ನ್ಯಾಯಾಧೀಶರು ಸಾರ್ವಜನಿಕ ಕೆಲಸದಲ್ಲಿದ್ದವರಾದ್ದರಿಂದ ಅವರ ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ.

ಯುದ್ಧ ಮುಗಿದ ಮೇಲಿನ ಊರು

ಅಮೆರಿಕದ ಇಪ್ಪತ್ತರ ದಶಕ ಎಂದರೆ ಜಾಜ್ ಸಂಗೀತ, ಮೋಟಾರು ಕಾರು, ರೇಡಿಯೊ, ಕತ್ತರಿಸಿದ ಕೂದಲಿನ ಹುಡುಗಿಯರು, ಕದ್ದು ಕುಡಿಯುವ ವಿಸ್ಕಿ ಕಣ್ಣಿಗೆ ಬರುತ್ತದೆ. ಇವೆಲ್ಲ ನಿಜವೇ. ಅದರ ಅಡಿಯಲ್ಲಿ ಊರುಗಳು ಹಿಗ್ಗುತ್ತಿದ್ದ ರಭಸವೂ ಇತ್ತು. ಡೆಟ್ರಾಯಿಟ್‌ನಲ್ಲಿ 1910ರಲ್ಲಿ 4,65,766 ಜನರಿದ್ದರು, 1920ರ ಗಣತಿಗೆ 9,93,678. ಹತ್ತು ವರ್ಷದಲ್ಲಿ ಎರಡು ಪಟ್ಟು. ಕಾರಣ ಕಾರು. ಫೋರ್ಡ್ ಕಾರ್ಖಾನೆ 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಎಂದು ಸಾರಿದ ಮೇಲೆ ಜನ ಇರುವೆಯಂತೆ ಬಂದರು.

ಮಹಾಯುದ್ಧ ಶುರುವಾದಾಗ ಯುರೋಪಿನಿಂದ ಬರುತ್ತಿದ್ದ ಕೂಲಿಗಳ ಹರಿವು ನಿಂತಿತು, ಕಾರ್ಖಾನೆಯ ಕೆಲಸ ನಿಲ್ಲಲಿಲ್ಲ. ಆ ಜಾಗಕ್ಕೆ ದಕ್ಷಿಣದ ಹತ್ತಿ ಹೊಲಗಳಿಂದ ಕಪ್ಪು ಜನ ರೈಲು ಹತ್ತಿದರು. ಡೆಟ್ರಾಯಿಟ್‌ನಲ್ಲಿ 1910ರಲ್ಲಿ ಅವರ ಸಂಖ್ಯೆ 5,741. 1920ರಲ್ಲಿ 40,838. 1925ರ ಹೊತ್ತಿಗೆ ಸುಮಾರು 80 ಸಾವಿರ. ಅವರಿಗೆ ಸಿಕ್ಕ ಜಾಗ ಮಾತ್ರ ಹಳೆಯದೇ: ಬ್ಲಾಕ್ ಬಾಟಮ್ ಎಂಬ ಕೇರಿ ಮತ್ತು ಅದರ ಸುತ್ತಮುತ್ತ. (ಆ ಹೆಸರು ಜನರ ಬಣ್ಣದಿಂದ ಬಂದದ್ದಲ್ಲ. ಹಿಂದೆ ಅಲ್ಲಿ ಬೇಸಾಯ ಮಾಡಿದ ಫ್ರೆಂಚರು ಕಂಡ ಕಪ್ಪು ಮಣ್ಣಿನಿಂದ ಬಂದದ್ದು ಎನ್ನುತ್ತಾರೆ.) ಒಂದು ಮನೆಯಲ್ಲಿ ಮೂರು ಸಂಸಾರ, ಜೊತೆಗೆ ಊಟಕ್ಕಿದ್ದ ಬಾಡಿಗೆಯವರು, ಕೆಮ್ಮು, ಕ್ಷಯ.

ಬಿಳಿಯರ ಬೀದಿಗಳ ಒಳಗನ್ನೂ ನೋಡಬೇಕು, ಇಲ್ಲವಾದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಮೂಲೆಮನೆಯ ಸುತ್ತ ಇದ್ದವರು ಜಮೀನ್ದಾರರಲ್ಲ. ಕಾರ್ಖಾನೆಯ ಮೇಸ್ತ್ರಿಗಳು, ಗುಮಾಸ್ತರು, ಅಂಗಡಿಯವರು, ಅಪ್ಪನ ಕಾಲಕ್ಕೆ ವಲಸೆ ಬಂದವರ ಮಕ್ಕಳು. ಸಾಲ ಮಾಡಿ ಮನೆ ಕಟ್ಟಿಕೊಂಡವರು, ಕಂತು ತಪ್ಪಿದರೆ ಬೀದಿಗೆ ಬೀಳುವವರು. ಒಬ್ಬ ಕಪ್ಪು ಮನುಷ್ಯ ಬಂದರೆ ಬೀದಿಯ ಬೆಲೆಯೇ ಬಿದ್ದುಹೋಗುತ್ತದೆ ಎಂದು ಮನೆ ದಲ್ಲಾಳಿಗಳು ಅವರ ತಲೆಗೆ ತುಂಬಿದ್ದರು. ಹೆದರಿ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಬೀಳಲೇಬೇಕು, ಆಗ ದಲ್ಲಾಳಿಗಳ ಮಾತು ನಿಜವೂ ಆಗುತ್ತಿತ್ತು. ಈ ಹೆದರಿಕೆಗೆ ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿದ ಗುಪ್ತಸಂಘ ಕು ಕ್ಲಕ್ಸ್ ಕ್ಲಾನ್ ನೀರೆರೆಯಿತು. ದಕ್ಷಿಣದ ಹಳ್ಳಿಗಾಡಿನ ಸಂಘ ಎಂದು ನಾವು ತಿಳಿದಿರುವ ಕ್ಲಾನ್ ಆ ದಶಕದಲ್ಲಿ ಉತ್ತರದ ಕಾರ್ಖಾನೆ ಊರುಗಳಲ್ಲಿ ಬೇರುಬಿಟ್ಟಿತ್ತು. 1924ರ ಮೇಯರ್ ಚುನಾವಣೆಯಲ್ಲಿ ಅದು ಬೆಂಬಲಿಸಿದ ಅಭ್ಯರ್ಥಿಯ ಹೆಸರು ಮತಪತ್ರದಲ್ಲಿ ಅಚ್ಚಾಗಿರಲಿಲ್ಲ, ಮತದಾರರು ಕೈಯಲ್ಲಿ ಬರೆಯಬೇಕಿತ್ತು. ಹೆಸರಿನ ಕಾಗುಣಿತ ತಪ್ಪಿದ ಸಾವಿರಾರು ಮತಪತ್ರಗಳನ್ನು ತಿರಸ್ಕರಿಸಿದ್ದರಿಂದ ಅವನು ಸೋತ. ಊರಿನ ಮನಸ್ಸು ಎಲ್ಲಿತ್ತು ಎನ್ನಲು ಇದು ಸಾಕು.

ಡಾಕ್ಟರು

ಫ್ಲಾರಿಡಾದ ಸಣ್ಣ ಊರಿನಲ್ಲಿ ಬೆಳೆದವರು. ಐದಾರು ವರ್ಷದ ಹುಡುಗನಾಗಿದ್ದಾಗ ಊರ ಜನ ಒಬ್ಬ ಕಪ್ಪು ಯುವಕನನ್ನು ಜೀವಂತ ಸುಟ್ಟದ್ದನ್ನು ಪೊದೆಯ ಮರೆಯಿಂದ ನೋಡಿದೆ ಎಂದು ಮುಂದೆ ಹೇಳುತ್ತಿದ್ದರು. ಹದಿಮೂರಕ್ಕೆ ತಂದೆತಾಯಿ ಓದಲೆಂದು ಉತ್ತರಕ್ಕೆ ಕಳಿಸಿದರು. ಒಹಾಯೋದ ಕಾಲೇಜು, ಕೈಗೆ ಸಿಕ್ಕ ಕೆಲಸ, ಆಮೇಲೆ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ. ಅಲ್ಲಿದ್ದಾಗಲೇ 1919ರ ವರ್ಣದ್ವೇಷದ ಗಲಭೆ ಕಂಡರು. ಯುದ್ಧ ಮುಗಿದು ಸೈನಿಕರು ಮರಳಿದ ಆ ಬೇಸಿಗೆಯಲ್ಲಿ ಹತ್ತಾರು ಊರುಗಳಲ್ಲಿ ರಕ್ತ ಹರಿಯಿತು, ರಾಜಧಾನಿಯೂ ಅದರಲ್ಲೊಂದು. ಟ್ರಾಮಿನಿಂದ ಒಬ್ಬನನ್ನು ಎಳೆದುಹಾಕಿ ಬಡಿದದ್ದು ಇವರ ಕಣ್ಣೆದುರೇ.

1921ರಲ್ಲಿ ಡೆಟ್ರಾಯಿಟ್‌ಗೆ ಬಂದು ಬ್ಲಾಕ್ ಬಾಟಮ್‌ನಲ್ಲಿ ಕ್ಲಿನಿಕ್ ತೆರೆದರು. ರೋಗಿಗಳಿಗೆ ಬರವಿರಲಿಲ್ಲ. ಮದುವೆಯಾದರು. ಹೆಂಡತಿಯನ್ನು ಕರೆದುಕೊಂಡು ವಿಯೆನ್ನಾ, ಪ್ಯಾರಿಸ್‌ಗೆ ಹೋಗಿ ಹೆಚ್ಚಿನ ಓದು ಮುಗಿಸಿದರು. ಮೇರಿ ಕ್ಯೂರಿಯವರ ಉಪನ್ಯಾಸವನ್ನೂ ಕೇಳಿದರಂತೆ. ಯುರೋಪಿನಲ್ಲಿ ಯಾವ ಹೋಟೆಲಿನವನೂ ಅವರನ್ನು ಬಾಗಿಲಲ್ಲಿ ತಡೆಯಲಿಲ್ಲ, ಆದರೆ ಪ್ಯಾರಿಸ್‌ನಲ್ಲಿದ್ದ ಅಮೆರಿಕನ್ನರ ಆಸ್ಪತ್ರೆ ಹೆಂಡತಿಯ ಹೆರಿಗೆಗೆ ಜಾಗ ಕೊಡಲಿಲ್ಲ. 1924ರಲ್ಲಿ ಮಗುವಿನೊಂದಿಗೆ ಮರಳಿದವರಿಗೆ ಒಂದು ಸ್ವಂತ ಮನೆ ಬೇಕಿತ್ತು.

ಪತ್ನಿಯ ತವರು ಇದ್ದದ್ದು ಬಿಳಿಯರೇ ಹೆಚ್ಚಾಗಿದ್ದ ಬೀದಿಯಲ್ಲಿ, ಅದೂ ಡೆಟ್ರಾಯಿಟ್‌ನಲ್ಲೇ. ಅಲ್ಲಿ ಯಾರೂ ಕಲ್ಲು ಹೊಡೆದಿರಲಿಲ್ಲ. ಆದ್ದರಿಂದ ಮೂಲೆಮನೆ ನೋಡಿದಾಗ ಆ ದಂಪತಿಗೆ ಅದು ಹುಚ್ಚು ಸಾಹಸ ಎನ್ನಿಸಲು ಕಾರಣವಿರಲಿಲ್ಲ. ಮೇಲಾಗಿ ಮನೆ ಮಾರಿದ ದಂಪತಿಯಲ್ಲಿ ಗಂಡನೇ ಕಪ್ಪು ವಂಶದವನು. ಮೈಬಣ್ಣ ತಿಳಿಯಾಗಿದ್ದುದರಿಂದ ನೆರೆಯವರು ಬಿಳಿಯನೆಂದೇ ತಿಳಿದಿದ್ದರು. ಬೀದಿ ಕೆಟ್ಟುಹೋಗುತ್ತದೆ ಎಂದು ಕೂಗಿದವರ ನಡುವೆ ಅವನು ಅಷ್ಟು ವರ್ಷ ತಣ್ಣಗೆ ಬಾಳಿದ್ದ.

ಬೆಲೆಯ ಮಾತು. ಆ ಬೀದಿಯ ಮನೆ ಬಿಳಿಯರಿಗೆ ಅಷ್ಟು ದುಬಾರಿಯಾಗಿರಲಿಲ್ಲ. ಡಾಕ್ಟರು ಸಾವಿರಾರು ಡಾಲರ್ ಹೆಚ್ಚು ಕೊಟ್ಟರು. ಬೇರೆ ಯಾರೂ ಮಾರದ ಕಡೆ ಮಾರುವವನು ಕೇಳಿದ್ದೇ ಬೆಲೆ. ಬ್ಯಾಂಕ್ ಸಾಲದ ಬದಲು ಮಾರಿದವರಿಗೇ ಕಂತು ಕಟ್ಟುವ ಕರಾರು.

ಆ ಬೇಸಿಗೆ ನಡೆದದ್ದು

ಕರಾರಾದ ಮೇಲೆ ಊರಿನ ಗಾಳಿ ಬದಲಾಯಿತು. ಜೂನ್ 23ರಂದು ಊರಿನ ಇನ್ನೊಂದು ತುದಿಯಲ್ಲಿ ಒಬ್ಬ ಹಿರಿಯ ಕಪ್ಪು ಸರ್ಜನ್ ಹೊಸ ಮನೆಗೆ ಹೋದರು. ಕೆಲವೇ ಗಂಟೆಗಳಲ್ಲಿ ಗುಂಪು ಒಳನುಗ್ಗಿ ಸಾಮಾನನ್ನು ಲಾರಿಗೆ ತುಂಬಿತು. ಪಿಸ್ತೂಲಿನ ಬೆದರಿಕೆಗೆ ಅವರು ಮನೆಯನ್ನೇ ಬರೆದುಕೊಟ್ಟು ಹಿಂತಿರುಗಿದರು. ನಮ್ಮ ಡಾಕ್ಟರಿಗೆ ಅವರು ಪರಿಚಿತರು, ವೃತ್ತಿಯಲ್ಲಿ ಮೇಲಿನವರು. ಆ ಘಟನೆಯ ಮೇಲೆ ಕಪ್ಪು ಜನರ ನಡುವೆಯೇ ಅವರ ಮಾನ ಹೋಯಿತು. ಜುಲೈನಲ್ಲಿ ಇನ್ನೊಬ್ಬರು ತಮ್ಮ ಮನೆಗೆ ಕಲ್ಲು ಬಿದ್ದಾಗ ಗುಂಪಿನತ್ತ ಗುಂಡು ಹಾರಿಸಿದರು, ಒಬ್ಬ ಹುಡುಗನಿಗೆ ಗಾಯವಾಯಿತು. ಮರುದಿನ ಅವರೂ ಮನೆ ಬಿಟ್ಟರು.

ಜುಲೈ 14ರಂದು ಮೂಲೆಮನೆಯ ಎದುರಿಗಿದ್ದ ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಬಡಾವಣೆಯ ಅಭಿವೃದ್ಧಿ ಸಂಘ ಎಂಬ ಹೆಸರು. ಸರ್ಜನ್‌ರನ್ನು ಓಡಿಸಿದ ಸಂಘದವನು ಬಂದು ತಾವು ಹೇಗೆ ಮಾಡಿದೆವು ಎಂದು ವಿವರಿಸಿದ.

ಡಾಕ್ಟರ ಎದುರು ಹೀಗೆ ಎರಡು ಮೇಲ್ಪಂಕ್ತಿಗಳಿದ್ದವು. ಬಗ್ಗಿದವನು ಮರ್ಯಾದೆ ಕಳೆದುಕೊಂಡ. ಗುಂಡು ಹಾರಿಸಿದವನಿಗೂ ಮನೆ ದಕ್ಕಲಿಲ್ಲ. ಮೂರನೆಯದು ಮುಂಗಡ ಬಿಟ್ಟುಕೊಟ್ಟು ಕರಾರಿನಿಂದ ಹಿಂದೆ ಸರಿಯುವುದು. 3,500 ಡಾಲರ್ ಎಂದರೆ ಅವರ ಬಹುಪಾಲು ಉಳಿತಾಯ, ಆದರೂ ಅದು ಸಾಧ್ಯವಿತ್ತು. ಅವರು ಅದನ್ನು ಆರಿಸಲಿಲ್ಲ. ಹಟ ಎನ್ನಿ, ಸ್ವಾಭಿಮಾನ ಎನ್ನಿ. ನನಗೆ ಕಾಣುವುದು ಸರ್ಜನ್‌ರ ಮುಖ: ನಾಳೆ ರೋಗಿಗಳ ಎದುರು ಕೂರಬೇಕಾದ ವೈದ್ಯನಿಗೆ ಅದನ್ನು ಮರೆಯುವುದು ಸುಲಭವಾಗಿರಲಾರದು.

ಅವರು ಮಾಡಿದ್ದು ಇಷ್ಟು. ಮನೆ ಪ್ರವೇಶವನ್ನು ಬೇಸಿಗೆ ಕಳೆಯುವವರೆಗೆ, ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕರ ದಿನ ಮುಗಿಯುವವರೆಗೆ ಮುಂದೂಡಿದರು, ಬಿಸಿ ಆರಲಿ ಎಂದು. ಇಂಥ ದಿನ ಬರುತ್ತೇವೆ ಎಂದು ಪೊಲೀಸರಿಗೆ ಮೊದಲೇ ತಿಳಿಸಿದರು. ಎರಡು ವರ್ಷ ತುಂಬದ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟರು. ಇಬ್ಬರು ತಮ್ಮಂದಿರನ್ನು, ಕೆಲವು ಗೆಳೆಯರನ್ನು ಜೊತೆಗೆ ಕರೆದರು. ಬಂದೂಕು, ಪಿಸ್ತೂಲು, ನೂರಾರು ತೋಟಾ ತಂದರು. ಸಾಮಾನಿನ ಲಾರಿಯಲ್ಲಿ ಪೀಠೋಪಕರಣ ಕಡಿಮೆ.

ಇದೇ ಪಟ್ಟಿ ಮುಂದೆ ಕೋರ್ಟಿನಲ್ಲಿ ಎರಡೂ ಕಡೆಯವರಿಗೆ ಆಧಾರವಾಯಿತು. ಪೊಲೀಸರಿಗೆ ತಿಳಿಸಿದ್ದು, ಮಗುವನ್ನು ಬಿಟ್ಟುಬಂದದ್ದು ಹೆದರಿದ ಗೃಹಸ್ಥನ ಲಕ್ಷಣ ಎಂದರು ಒಂದು ಕಡೆಯವರು. ತೋಟಾ ತಂದದ್ದು, ಜನ ಕೂಡಿಸಿದ್ದು ಸಂಚಿನ ಲಕ್ಷಣ ಎಂದರು ಇನ್ನೊಂದು ಕಡೆಯವರು. ಆಯುಧ ತಂದದ್ದು ತಪ್ಪು ಎಂದು ಇವತ್ತು ಕುಳಿತು ಹೇಳುವುದು ಸುಲಭ. ಅವರು ಪೊಲೀಸರನ್ನು ಪೂರ್ತಿ ನಂಬದಿರಲು ಜೂನ್ 23ರ ಸಂಜೆ ಸಾಕಿತ್ತು. ಸರ್ಜನ್‌ರ ಮನೆಯ ಮುಂದೆಯೂ ಪೊಲೀಸರಿದ್ದರು.

ಎರಡು ರಾತ್ರಿ

ಮೊದಲ ರಾತ್ರಿ ಜನ ಸೇರಿದರು, ನಿಂತರು, ನೋಡಿದರು, ತಡರಾತ್ರಿಗೆ ಚದುರಿದರು. ಮನೆಯೊಳಗೆ ಯಾರೂ ಸರಿಯಾಗಿ ಮಲಗಲಿಲ್ಲ. ಬೆಳಗಾದ ಮೇಲೆ ಡಾಕ್ಟರು ಎಂದಿನಂತೆ ಕ್ಲಿನಿಕ್ಕಿಗೆ ಹೋದರು, ಹೆಂಡತಿಯ ಜೊತೆ ಹೊಸ ಮನೆಗೆ ಮಂಚ, ಕುರ್ಚಿ ಗೊತ್ತುಮಾಡಿದರು. ಒಂದು ರಾತ್ರಿ ಕಳೆಯಿತಲ್ಲ ಎಂಬ ಧೈರ್ಯ.

ಎರಡನೆಯ ದಿನ, ಸೆಪ್ಟೆಂಬರ್ 9, ಸಂಜೆ. ಪತ್ನಿ ಅಡುಗೆಮನೆಯಲ್ಲಿ ರಾತ್ರಿಯೂಟಕ್ಕೆ ಮಾಡುತ್ತಿದ್ದರು, ಗಂಡಸರು ಇಸ್ಪೀಟು ಹಾಕಿಕೊಂಡು ಕೂತಿದ್ದರು. ಕತ್ತಲಾಗುತ್ತಿದ್ದಂತೆ ಎದುರಿನ ಶಾಲೆಯ ಅಂಗಳ, ಪಕ್ಕದ ಮನೆಗಳ ಮೆಟ್ಟಿಲು ತುಂಬಿದವು. ಹತ್ತು ಹನ್ನೆರಡು ಪೊಲೀಸರು ಅಲ್ಲೇ ಇದ್ದರು, ಯಾರನ್ನೂ ಚದುರಿಸಲಿಲ್ಲ. ಎಂಟರ ಸುಮಾರಿಗೆ ಡಾಕ್ಟರ ತಮ್ಮಂದಿರಲ್ಲಿ ಒಬ್ಬ ಒಬ್ಬ ಗೆಳೆಯನೊಂದಿಗೆ ಟ್ಯಾಕ್ಸಿಯಲ್ಲಿ ಬಂದಿಳಿದ. ಗುಂಪು ಬೊಬ್ಬೆ ಹಾಕಿ ನುಗ್ಗಿತು, ಇಬ್ಬರೂ ಕಲ್ಲಿನ ಮಳೆಯಲ್ಲಿ ಓಡಿ ಬಾಗಿಲು ಸೇರಿದರು. ಮನೆಯ ಮೇಲೆ ಕಲ್ಲು ಬೀಳುವ ಸದ್ದು. ಮಹಡಿಯ ಕಿಟಕಿಯ ಗಾಜು ಒಡೆದು ಚೂರು ಡಾಕ್ಟರಿಗೆ ತಗುಲಿತು. ಆಗ ಮಹಡಿಯಿಂದ ಗುಂಡುಗಳು ಹಾರಿದವು.

ಎದುರಿನ ಮನೆಯ ಬಳಿ ಪೈಪು ಸೇದುತ್ತ ನಿಂತಿದ್ದ ಒಬ್ಬನಿಗೆ ಬೆನ್ನಿಗೆ ಗುಂಡು ಬಿತ್ತು. ಇನ್ನೊಬ್ಬನಿಗೆ ಕಾಲಿಗೆ. ಮೊದಲನೆಯವನು ಸತ್ತ. ಅವನಿಗೂ ಹೆಂಡತಿ ಮಕ್ಕಳಿದ್ದರು. ಅವನು ಕಲ್ಲು ಹೊಡೆದಿದ್ದ ಎಂದು ಯಾರೂ ತೋರಿಸಿಲ್ಲ. ಈ ಪ್ರಕರಣವನ್ನು ಹೇಳುವವರು ಅವನನ್ನು ಬೇಗ ದಾಟಿಬಿಡುತ್ತಾರೆ. ಗುಂಪಿನಲ್ಲಿ ಸುಮ್ಮನೆ ನಿಂತವನ ಪಾಲೆಷ್ಟು ಎಂಬ ಪ್ರಶ್ನೆಗೆ ಎರಡೂ ಕಡೆಯ ವಕೀಲರು ತಮಗೆ ಬೇಕಾದ ಉತ್ತರ ಕೊಟ್ಟುಕೊಂಡರು. ನನಗೆ ಅದು ಇನ್ನೂ ಬಗೆಹರಿದಿಲ್ಲ.

ಮಾಡಬಾರದಿದ್ದ ಮಾತು

ಪೊಲೀಸರು 11 ಜನರನ್ನೂ ಠಾಣೆಗೆ ಒಯ್ದು ಬೇರೆ ಬೇರೆ ಕೂರಿಸಿ ಪ್ರಶ್ನಿಸಿದರು. ವಕೀಲರು ಒಳಗೆ ಬರುವ ಮೊದಲೇ ಹೇಳಿಕೆಗಳು ಕಾಗದಕ್ಕೆ ಇಳಿದಿದ್ದವು. ಒಬ್ಬರದು ಒಬ್ಬರಿಗೆ ಹೊಂದಲಿಲ್ಲ. ಕಾಲೇಜಿನಲ್ಲಿ ಓದುತ್ತಿದ್ದ ತಮ್ಮ ಮಾತ್ರ ತಾನು ಗುಂಡು ಹಾರಿಸಿದ್ದು ನಿಜ ಎಂದ. ಉಳಿದವರ ತಡವರಿಕೆಯೇ ಕೋರ್ಟಿನಲ್ಲಿ ಅವರಿಗೆ ಹೆಚ್ಚು ಮುಳುವಾಯಿತು. ಅವನ ಒಪ್ಪಿಗೆ ಎರಡನೆಯ ವಿಚಾರಣೆಯಲ್ಲಿ ಬೇರೆ ರೂಪ ತಾಳಿತು.

ಯಾವ ಬಂದೂಕಿನ ಗುಂಡು ಕೊಂದದ್ದು ಎಂದು ಯಾರಿಗೂ ಹೇಳಲಾಗಲಿಲ್ಲ. ಆದ್ದರಿಂದ ಸರ್ಕಾರಿ ವಕೀಲ ರಾಬರ್ಟ್ ಟಾಮ್ಸ್ ಸಂಚಿನ ದಾರಿ ಹಿಡಿದರು: 11 ಜನವೂ ಮೊದಲೇ ಕೂಡಿ ಮಾತಾಡಿಕೊಂಡಿದ್ದರು, ಆದ್ದರಿಂದ ಒಲೆಯ ಮುಂದಿದ್ದ ಹೆಂಗಸಿನಿಂದ ಹಿಡಿದು ಎಲ್ಲರೂ ಕೊಲೆಗಾರರು. ಮಿಷಿಗನ್‌ನಲ್ಲಿ ಮರಣದಂಡನೆ ರದ್ದಾಗಿ ಎಷ್ಟೋ ಕಾಲವಾಗಿತ್ತು. ಕಾದಿದ್ದದ್ದು ಜೀವಾವಧಿ.

ಮೇಯರ್ ಜಾನ್ ಸ್ಮಿತ್ ಅದೇ ವಾರ ಒಂದು ಬಹಿರಂಗ ಪತ್ರ ಬರೆದರು. ಕ್ಲಾನ್ ಅನ್ನು ಬೈದರು. ಜೊತೆಗೆ, ತಾವು ಹೋದರೆ ಗಲಭೆಯಾಗುತ್ತದೆಂದು ಗೊತ್ತಿದ್ದೂ ಅಂಥ ಬಡಾವಣೆಗೆ ಹೋಗುವವರನ್ನೂ ಖಂಡಿಸಿದರು. ಹಿಂದಿನ ವರ್ಷ ಅವರು ಗೆದ್ದದ್ದರಲ್ಲಿ ಕಪ್ಪು ಮತದಾರರ ಪಾಲು ದೊಡ್ಡದು. ಸಮತೂಕದ ಮಾತು ಎಂದು ಆಗ ಪತ್ರಿಕೆಗಳು ಮೆಚ್ಚಿರಬಹುದು. ಹೊಡೆಯುವವರನ್ನು, ಹೊಡೆಸಿಕೊಳ್ಳುವವರನ್ನು ಒಂದೇ ತಕ್ಕಡಿಯಲ್ಲಿಟ್ಟ ಪತ್ರ ಅದು.

ವಕೀಲರ ಆಯ್ಕೆಯಲ್ಲಿ ಜಟಾಪಟಿ ನಡೆಯಿತು. ಊರಿನ ಮೂವರು ಕಪ್ಪು ವಕೀಲರು ಮೊದಲ ದಿನದಿಂದ ಓಡಾಡಿದ್ದರು. ಅಷ್ಟರಲ್ಲಿ ನ್ಯೂಯಾರ್ಕ್‌ನಿಂದ ಕಪ್ಪು ಜನರ ಹಕ್ಕಿನ ಸಂಘ ಎನ್‌ಎಎಸಿಪಿ ತನ್ನ ಮನುಷ್ಯ ವಾಲ್ಟರ್ ವೈಟ್‌ರನ್ನು ಕಳಿಸಿತು. ತೀರ್ಪು ಹೇಳಲು ಸಾಮಾನ್ಯ ಜನರಿಂದ ಆರಿಸಿದ, ಬಿಳಿಯರೇ ತುಂಬಿರುವ ಜ್ಯೂರಿಯ ಮುಂದೆ ಹೆಸರಾಂತ ಬಿಳಿ ವಕೀಲನೇ ನಿಲ್ಲಬೇಕೆಂದು ಸಂಘದ ಹಟ. ಸ್ಥಳೀಯ ವಕೀಲರಿಗೆ ಅದು ಅವಮಾನ. ಜೈಲಿನಲ್ಲಿದ್ದ ಡಾಕ್ಟರು ನಡುವೆ ಸಿಕ್ಕಿಕೊಂಡರು. ಕೊನೆಗೆ ಸಂಘದ ಮಾತಿಗೆ ಒಪ್ಪಿದರು, ಸ್ಥಳೀಯರು ಜೊತೆಯಲ್ಲೇ ಉಳಿದರು. ಬಂದವರು ಕ್ಲಾರೆನ್ಸ್ ಡ್ಯಾರೋ. ವಯಸ್ಸು 68. ಟೆನೆಸ್ಸಿಯಲ್ಲಿ ವಿಕಾಸವಾದ ಕಲಿಸಿದ ಮೇಷ್ಟ್ರ ಪರವಾಗಿ ವಾದಿಸಿ ಎರಡು ತಿಂಗಳಾಗಿತ್ತಷ್ಟೆ, ಅವರ ಹೆಸರು ಮನೆಮನೆಗೆ ಗೊತ್ತಿತ್ತು. ಈ ಆಯ್ಕೆ ಕೆಲಸಕ್ಕೆ ಬಂತು ಎನ್ನುವುದನ್ನು ಫಲಿತಾಂಶ ಹೇಳುತ್ತದೆ. ಅದರ ಮುಳ್ಳನ್ನೂ ಮರೆಯಬಾರದು: ತಮ್ಮ ಮನೆಯನ್ನು ತಾವೇ ಕಾಯುವ ಹಕ್ಕಿಗಾಗಿ ನಡೆದ ಮೊಕದ್ದಮೆಯಲ್ಲಿ ತಮ್ಮ ಪರ ಮಾತಾಡಲು ಬಿಳಿಯರನ್ನೇ ಹುಡುಕಬೇಕಾಯಿತು.

ಕಟಕಟೆ

ನ್ಯಾಯಾಧೀಶರು ಫ್ರಾಂಕ್ ಮರ್ಫಿ. ಮೂವತ್ತೈದು ವರ್ಷದವರು, ರಾಜಕೀಯದಲ್ಲಿ ಮೇಲೇರುವ ಆಸೆಯುಳ್ಳವರು. ಬೇರೆ ನ್ಯಾಯಾಧೀಶರು ಮುಟ್ಟಲು ಹಿಂಜರಿದ ಕೇಸನ್ನು ತಾವೇ ಇಟ್ಟುಕೊಂಡರು. ಪ್ರಕರಣ ವಜಾ ಮಾಡಿ ಎಂಬ ಮನವಿಗೆ ಒಪ್ಪಲಿಲ್ಲ, ಆದರೆ ಅಕ್ಟೋಬರ್‌ನಲ್ಲಿ ಡಾಕ್ಟರ ಪತ್ನಿಗೆ ಜಾಮೀನು ಕೊಟ್ಟರು. ಗಂಡಸರು ಒಳಗೇ ಉಳಿದರು.

ಅಕ್ಟೋಬರ್ 30ರಂದು ವಿಚಾರಣೆ ಶುರು. ಜ್ಯೂರಿಯಲ್ಲಿ ಹನ್ನೆರಡೂ ಬಿಳಿ ಗಂಡಸರು. ಸರ್ಕಾರದ ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಬಂದು ಅಂದು ಬೀದಿಯಲ್ಲಿ ಗುಂಪೇ ಇರಲಿಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ತಿರುಗಾಡುತ್ತಿದ್ದರಷ್ಟೆ ಎಂದರು. ಇದಕ್ಕೆ ಕಾರಣವಿತ್ತು. ಮಿಷಿಗನ್ ಕಾಯಿದೆಯ ಪ್ರಕಾರ ಆಯುಧ ಹಿಡಿದ 12 ಜನ, ಇಲ್ಲವೇ ಬರಿಗೈಯ 30 ಜನ ಸೇರಿದರೆ ಅದನ್ನು ಅಕ್ರಮ ಕೂಟವೆಂದು ಎಣಿಸಿ ಪೊಲೀಸರು ಚದುರಿಸಬೇಕು. ಗುಂಪಿತ್ತು ಎಂದು ಒಪ್ಪಿದರೆ ಪೊಲೀಸರು ಕರ್ತವ್ಯ ಬಿಟ್ಟರು ಎಂದಾಗುತ್ತದೆ, ಮನೆಯವರ ಭಯಕ್ಕೆ ಆಧಾರವೂ ಸಿಗುತ್ತದೆ.

ಡ್ಯಾರೋ ಕೂಗಾಡಲಿಲ್ಲ. ಒಬ್ಬ ಹುಡುಗ ಸಾಕ್ಷಿಕಟ್ಟೆಯಲ್ಲಿ ತುಂಬ ಜನ ಇದ್ದರು ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡು ಸ್ವಲ್ಪ ಜನ ಎಂದು ತಿದ್ದಿಕೊಂಡ. ಪಾಟಿ ಸವಾಲಿನಲ್ಲಿ ಡ್ಯಾರೋ ಅವನನ್ನು ಮೆಲ್ಲಗೆ ಕೇಳಿದರು, ಸ್ವಲ್ಪ ಜನ ಎಂದು ಹೇಳಬೇಕೆನ್ನುವುದು ಮೊದಲು ಮರೆತುಹೋಗಿತ್ತು ಅಲ್ಲವೇ ಎಂದು. ಹುಡುಗ ಹೌದು ಎಂದ. ಆಮೇಲೆ ಪೊಲೀಸ್ ಅಧಿಕಾರಿಯೊಬ್ಬನೊಂದಿಗೆ ಮಾತಾಡಿದ್ದೂ ಹೊರಬಂತು. ಪ್ರತಿವಾದಿಗಳ ಕಡೆಯಿಂದ ಒಬ್ಬ ಬಿಳಿ ಪತ್ರಕರ್ತ ಬಂದು ತಾನು ಅಂದು ಆ ದಾರಿಯಲ್ಲಿ ಹೋಗುತ್ತಿದ್ದೆ, ನೂರಾರು ಜನ ಇದ್ದರು, ಮನೆಗೆ ಕಲ್ಲು ಬೀಳುವ ಸದ್ದು ಕೇಳಿದೆ ಎಂದ.

ತಿರುವು ಬಂದದ್ದು ಡಾಕ್ಟರು ಕಟಕಟೆ ಹತ್ತಿದಾಗ. ಬಾಲ್ಯದ ಸುಟ್ಟ ಹೆಣ, ವಾಷಿಂಗ್ಟನ್‌ನ ಟ್ರಾಮು, 1917ರ ಈಸ್ಟ್ ಸೇಂಟ್ ಲೂಯಿ, 1919ರ ಚಿಕಾಗೊ ಮತ್ತು ಆರ್ಕನ್ಸಾ, 1921ರ ಟಲ್ಸಾ ಊರುಗಳಲ್ಲಿ ಕಪ್ಪು ಜನರ ಮೇಲೆ ನಡೆದ ದಾಳಿಗಳು, ಸರ್ಜನ್‌ರ ಮನೆ, ಇವೆಲ್ಲವನ್ನೂ ವಕೀಲರು ಅವರ ಬಾಯಿಂದ ಹೇಳಿಸಿದರು. ಸರ್ಕಾರಿ ವಕೀಲರು ಎದ್ದರು. ಇಪ್ಪತ್ತೈದು ವರ್ಷದ ಹಿಂದೆ ಹುಡುಗನಾಗಿದ್ದಾಗ ನೋಡಿದ್ದು ಈ ಕೊಲೆಗೆ ಹೇಗೆ ಸಂಬಂಧ? ಪ್ರಶ್ನೆ ಕ್ಷುಲ್ಲಕವಲ್ಲ. ಆತ್ಮರಕ್ಷಣೆಯ ಕಾನೂನು ಆ ಕ್ಷಣದಲ್ಲಿ ಎದುರಿಗಿದ್ದ ಅಪಾಯವನ್ನು ನೋಡುತ್ತದೆ. ಹಾಗಿದ್ದರೆ ಪುಟ್ಟ ಕಲ್ಲುಗಳಿಗೆ ಬಂದೂಕು ಉತ್ತರವಾಗದು. ಪ್ರತಿವಾದಿಗಳ ವಾದ ಬೇರೆ: ಆ ಕಿಟಕಿಯ ಹಿಂದೆ ನಿಂತವನಿಗೆ ಆ ಗುಂಪು ಹೇಗೆ ಕಂಡಿತು ಎಂದು ಕೇಳಬೇಕು, ಅವನ ಮನಸ್ಸಿನಲ್ಲಿ ಏನೇನು ತುಂಬಿತ್ತು ಎಂದು ತಿಳಿಯದೆ ಅದಕ್ಕೆ ಉತ್ತರ ಹೇಳಲಾಗದು.

ಮರ್ಫಿ ಆಕ್ಷೇಪಣೆ ತಳ್ಳಿಹಾಕಿದರು, ಸಾಕ್ಷ್ಯ ಕಡತಕ್ಕೆ ಸೇರಿತು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ನಿರ್ಧಾರ ಇದು. ಡ್ಯಾರೋ ಅವರ ಭಾಷಣಗಳು ಪ್ರಸಿದ್ಧ, ಆದರೆ ಈ ಒಂದು ಅಪ್ಪಣೆ ಇಲ್ಲದಿದ್ದರೆ ಆ ಭಾಷಣಕ್ಕೆ ನೆಲವೇ ಇರುತ್ತಿರಲಿಲ್ಲ. ಒಬ್ಬ ಮನುಷ್ಯನ ಭಯಕ್ಕೆ ಅವನ ಜನರ ನೆನಪೂ ಪುರಾವೆ ಎಂದು ಅಂದಿನ ಆ ಕೋರ್ಟು ಒಪ್ಪಿತು.

ಜ್ಯೂರಿ 46 ಗಂಟೆ ಚರ್ಚಿಸಿತು. ಕೋಣೆಯೊಳಗೆ ಕುರ್ಚಿ ಮುರಿದ ಸದ್ದು ಹೊರಗೆ ಕೇಳಿತೆಂಬ ಮಾತಿದೆ. ನವೆಂಬರ್ 27ರಂದು ತಮ್ಮಿಂದ ಒಮ್ಮತ ಸಾಧ್ಯವಿಲ್ಲ ಎಂದು ಹೇಳಿದರು, ವಿಚಾರಣೆ ರದ್ದಾಯಿತು. ಗಂಡಸರಿಗೆ ಜಾಮೀನು ಸಿಕ್ಕಿತು.

ಎರಡನೆಯ ಸಲ

ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದ್ದರಿಂದ ಜ್ಯೂರಿ ಗೊಂದಲಕ್ಕೆ ಬಿತ್ತು ಎಂದು ಪ್ರತಿವಾದಿಗಳು ಲೆಕ್ಕಹಾಕಿದರು, ಬೇರೆ ಬೇರೆ ವಿಚಾರಣೆ ಕೇಳಿದರು. ಆಗ ಮೊದಲು ಯಾರು ಎಂದು ಆರಿಸುವುದು ಸರ್ಕಾರದ ಪಾಲಾಯಿತು. ಗುಂಡು ಹಾರಿಸಿದೆ ಎಂದು ಒಪ್ಪಿದ್ದ ಆ ತಮ್ಮನನ್ನೇ ಟಾಮ್ಸ್ ಸಹಜವಾಗಿ ಆರಿಸಿದರು. ಎಲ್ಲರಿಗಿಂತ ಸುಲಭವಾಗಿ ಸಿಗುವ ಬೇಟೆ ಎಂದು.

ಲೆಕ್ಕ ತಪ್ಪಿತು. ಎಲ್ಲರನ್ನೂ ಸೇರಿಸಿದ್ದಾಗ ಯಾರು ಹಾರಿಸಿದ್ದು, ಯಾರು ಸುಳ್ಳು ಹೇಳಿದ್ದು ಎಂಬುದರಲ್ಲೇ ಮಾತು ತೊಡರಿಕೊಂಡಿತ್ತು. ಈಗ ಹಾರಿಸಿದವನು ಹಾರಿಸಿದೆ ಎಂದೇ ಹೇಳುತ್ತಿದ್ದಾನೆ. ಉಳಿದದ್ದು ಒಂದೇ ಪ್ರಶ್ನೆ, ಹಾಗೆ ಮಾಡುವ ಹಕ್ಕು ಅವನಿಗಿತ್ತೇ. ಅದು ಡ್ಯಾರೋಗೆ ಬೇಕಾಗಿದ್ದ ಪ್ರಶ್ನೆ. 1926ರ ಮೇ 11ರಂದು ಅವರ ಕೊನೆಯ ವಾದ ಏಳು ಗಂಟೆ ದಾಟಿತು. ಬಣ್ಣವನ್ನು ತಿರುವುಮುರುವು ಮಾಡಿ ನೋಡಿ ಎಂದರು: ಬಿಳಿಯರು ತಮ್ಮ ಮನೆಯನ್ನು ಕಪ್ಪು ಜನರ ಗುಂಪಿನಿಂದ ಕಾಯಲು ಗುಂಡು ಹಾರಿಸಿದ್ದರೆ ಅವರ ಮೇಲೆ ಕೇಸೇ ಬೀಳುತ್ತಿರಲಿಲ್ಲ. ಜ್ಯೂರಿಯವರ ಪೂರ್ವಗ್ರಹವನ್ನು ಅವರು ಮುಚ್ಚಿಡಲಿಲ್ಲ, ನಿಮಗೂ ಇದೆ, ಎಲ್ಲರಿಗೂ ಇದೆ ಎಂದು ಮುಖಕ್ಕೇ ಹೇಳಿದರು.

ಮೇ 13ರಂದು ನಾಲ್ಕು ಗಂಟೆಯೊಳಗೆ ತೀರ್ಪು ಬಂತು. ಖುಲಾಸೆ. ಮತ್ತೆ ಹನ್ನೆರಡೂ ಬಿಳಿ ಗಂಡಸರೇ. ಉಳಿದವರ ಮೇಲಿನ ಆರೋಪಗಳನ್ನು 1927ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಕೇಸಿಗಾಗಿ ದೇಶದುದ್ದಕ್ಕೂ ಚರ್ಚುಗಳಲ್ಲಿ, ಸಭೆಗಳಲ್ಲಿ ಚಂದಾ ಎತ್ತಿದ ನಿಧಿ ಎನ್‌ಎಎಸಿಪಿಯ ಮುಂದಿನ ಕಾನೂನು ಹೋರಾಟಗಳಿಗೆ ಬುನಾದಿಯಾಯಿತು.

ಗೆದ್ದ ಮೇಲೆ

ಈ ಪ್ರಕರಣವನ್ನು ಪಾಠವಾಗಿ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಇಲ್ಲಿಂದ ಮುಂದಿನದು ಹೆಚ್ಚು ಕಲಿಸುತ್ತದೆ.

ಖುಲಾಸೆಯಾದ 11ನೇ ದಿನ, 1926ರ ಮೇ 24ರಂದು, ವಾಷಿಂಗ್ಟನ್‌ನ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಬೀದಿಯವರೆಲ್ಲ ಸೇರಿ ಕಪ್ಪು ಜನರಿಗೆ ಮಾರುವುದಿಲ್ಲ ಎಂದು ಕ್ರಯಪತ್ರದಲ್ಲಿ ಷರತ್ತು ಬರೆದುಕೊಂಡರೆ ಅದು ಖಾಸಗಿ ಕರಾರು, ಸಂವಿಧಾನ ಅದಕ್ಕೆ ಅಡ್ಡ ಬರುವುದಿಲ್ಲ ಎಂದು ಆ ತೀರ್ಪಿನ ಸಾರ. 1917ರಲ್ಲಿ ಅದೇ ಕೋರ್ಟು ನಗರಸಭೆಗಳು ಬಣ್ಣದ ಮೇಲೆ ಬಡಾವಣೆ ಹಂಚುವುದನ್ನು ತಡೆದಿತ್ತು. ನಗರಸಭೆಗೆ ಮುಚ್ಚಿದ ಬಾಗಿಲು ನೋಂದಣಿ ಕಚೇರಿಯಲ್ಲಿ ತೆರೆಯಿತು. ಮಿಷಿಗನ್‌ನ ಸರ್ವೋಚ್ಚ ನ್ಯಾಯಾಲಯ 1922ರಲ್ಲೇ ಇಂಥ ಷರತ್ತಿಗೆ ಒಪ್ಪಿಗೆ ಕೊಟ್ಟಿತ್ತು. ಡೆಟ್ರಾಯಿಟ್‌ನ ಹೊಸ ಬಡಾವಣೆಗಳಲ್ಲಿ ಷರತ್ತು ಹರಡಿತು. ಇನ್ನು ಕಲ್ಲು ಹೊಡೆಯುವ ಅಗತ್ಯವೇನಿತ್ತು? ಸಾಲು ಮನೆಗಳ ಕಾಗದದಲ್ಲೇ ಗೋಡೆ ಎದ್ದಿತ್ತು, ಅದನ್ನು ಕಾಯಲು ನ್ಯಾಯಾಲಯದ ಅಮೀನನೇ ಬರುತ್ತಿದ್ದ.

ಹಾಗಾಗಿ ಮೂಲೆಮನೆಯ ಪ್ರಕರಣ ಕೊಟ್ಟದ್ದು ಏನು ಎಂದು ಕೇಳಿದರೆ, ಮನೆಯಲ್ಲಿರುವವನು ಗುಂಪಿನೆದುರು ತನ್ನನ್ನು ಕಾಪಾಡಿಕೊಳ್ಳಬಹುದು, ಅವನ ಭಯವನ್ನು ಅವನ ಕಣ್ಣಿನಿಂದ ಅಳೆಯಬೇಕು. ಮನೆ ಕೊಳ್ಳುವ ಹಕ್ಕಿನ ಪ್ರಶ್ನೆ ಆ ಕೋರ್ಟಿನ ಮುಂದೆ ಇರಲೇ ಇಲ್ಲ. ಕ್ರಿಮಿನಲ್ ಕೇಸು ಗೆದ್ದವರು ಸಿವಿಲ್ ಹಕ್ಕನ್ನೂ ಗೆದ್ದೆವೆಂದು ಆ ವರ್ಷ ಸಂಭ್ರಮಿಸಿದರು. ಅದು ಬೇರೆ ಹೋರಾಟ ಎಂದು ವಕೀಲರಿಗೆ ಗೊತ್ತಿತ್ತು, ಮುಂದಿನ ಇಪ್ಪತ್ತೆರಡು ವರ್ಷ ಅದೇ ನಡೆಯಿತು.

ಮನೆಯವರು ತೆತ್ತದ್ದೂ ಇದೆ. ಜಾಮೀನಿನಲ್ಲಿ ಹೊರಬಂದ ಪತ್ನಿಗೆ ಕ್ಷಯ ಹಿಡಿದಿತ್ತು, ಜೈಲಿನಲ್ಲೇ ಅಂಟಿತೆಂದು ಮನೆಯವರು ನಂಬಿದ್ದರು. 1926ರಲ್ಲಿ, ಖುಲಾಸೆಯ ವರ್ಷವೇ, ಎರಡು ವರ್ಷದ ಮಗಳು ತೀರಿಹೋದಳು. 1928ರಲ್ಲಿ ಪತ್ನಿಯೂ ಹೋದರು. ಕಟಕಟೆಯಲ್ಲಿ ನಿಂತಿದ್ದ ಆ ತಮ್ಮ ಮುಂದೆ ಕಾನೂನು ಓದಿ ವಕೀಲನಾದ, 1940ರಲ್ಲಿ ಅದೇ ರೋಗಕ್ಕೆ ಬಲಿಯಾದ. ಡಾಕ್ಟರು 1928ರಲ್ಲಿ ಮೂಲೆಮನೆಗೆ ಮರಳಿದರು, ಒಬ್ಬರೇ. ಈ ಸಲ ಬೀದಿಯಲ್ಲಿ ಯಾರೂ ಸೇರಲಿಲ್ಲ.

ಮರ್ಫಿ ಅವರಿಗೆ ಈ ಕೇಸು ರಾಜಕೀಯವಾಗಿ ಹೊರೆಯಾಗಲಿಲ್ಲ. ಡೆಟ್ರಾಯಿಟ್‌ನ ಮೇಯರ್ ಆದರು, ಮಿಷಿಗನ್‌ನ ಗವರ್ನರ್ ಆದರು, 1940ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1944ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಮನೆ ಬಿಡಿಸಿ ಶಿಬಿರಗಳಿಗೆ ಕಳಿಸಿದ್ದನ್ನು ಕೋರ್ಟು ಎತ್ತಿಹಿಡಿದಾಗ ಭಿನ್ನಮತ ಬರೆದ ಮೂವರಲ್ಲಿ ಅವರೂ ಒಬ್ಬರು. 1948ರಲ್ಲಿ ಕ್ರಯಪತ್ರದ ಷರತ್ತುಗಳ ಪ್ರಶ್ನೆ ಮತ್ತೆ ಅವರ ಕೋರ್ಟಿಗೆ ಬಂತು. ಮೂವರು ನ್ಯಾಯಮೂರ್ತಿಗಳು ವಿಚಾರಣೆಯಿಂದ ಹಿಂದೆ ಸರಿದರು. ಉಳಿದ ಆರು ಜನ ಒಮ್ಮತದಿಂದ ಇಂಥ ಷರತ್ತನ್ನು ಇನ್ನು ಯಾವ ನ್ಯಾಯಾಲಯವೂ ಜಾರಿ ಮಾಡಕೂಡದು ಎಂದರು, ಮರ್ಫಿ ಆ ಆರರಲ್ಲಿದ್ದರು. ಅಂದು ಒಟ್ಟಿಗೆ ಕೇಳಿದ ಪ್ರಕರಣಗಳಲ್ಲಿ ಒಂದು ಡೆಟ್ರಾಯಿಟ್‌ನ ಒಂದು ಮನೆಯದು.

ಡಾಕ್ಟರು ಆಗಲೂ ಮೂಲೆಮನೆಯಲ್ಲೇ ಇದ್ದರು. ಸುತ್ತಲಿನ ಬೀದಿಗಳಲ್ಲಿ ಕಪ್ಪು ಸಂಸಾರಗಳು ಬರತೊಡಗಿದ್ದವು. 1958ರಲ್ಲಿ ಮನೆಯನ್ನು ಒಂದು ಕಪ್ಪು ಕುಟುಂಬಕ್ಕೆ ಮಾರಿದರು. 1960ರ ಮಾರ್ಚ್‌ನಲ್ಲಿ ಪಿಸ್ತೂಲಿನಿಂದ ತಮ್ಮ ಪ್ರಾಣ ತಾವೇ ತೆಗೆದುಕೊಂಡರು.